ವಾರ್ಡ್ ಚುನಾವಣೆಗೆ ಹೆಣ್ಣು ನಿಂತರೆ: ಗಾಳಿಮಾತು, ಹಗರಣ, ಬೆದರಿಕೆ ಮತ್ತು ಕಾನೂನು

ಮಡಿಕೇರಿ ನಗರಸಭೆಗೆ 23 ವಾರ್ಡ್. 2011ರ ಜನಗಣತಿ ಪ್ರಕಾರ ಊರಿನ ಜನಸಂಖ್ಯೆ 33 ಸಾವಿರದ ಚಿಲ್ಲರೆ. ಲೆಕ್ಕ ಹಾಕಿದರೆ ಒಂದು ವಾರ್ಡಿಗೆ ಮಕ್ಕಳು ಮರಿ ಎಲ್ಲ ಸೇರಿ ಸರಾಸರಿ 1,450 ಜನ. ಮತದಾರರು ಅದಕ್ಕಿಂತ ಕಡಿಮೆ. ಮತಗಟ್ಟೆವರೆಗೆ ಬರುವವರು ಇನ್ನೂ ಕಡಿಮೆ. ಇಂಥ ಕಡೆ ನಾಲ್ಕಾರು ಮನೆ ಆ ಕಡೆ ಈ ಕಡೆ ಆದರೆ ಫಲಿತಾಂಶವೇ ಬದಲಾಗಬಹುದು. ವಿರಾಜಪೇಟೆ, ಕುಶಾಲನಗರ, ಸೋಮವಾರಪೇಟೆಯಲ್ಲೂ ಇದೇ ಕಥೆ.

ಲೋಕಸಭೆ ಚುನಾವಣೆಯಲ್ಲಿ ಅಭ್ಯರ್ಥಿ ಬಗ್ಗೆ ಹಬ್ಬಿಸಿದ ಒಂದು ಸುಳ್ಳು ಲಕ್ಷಾಂತರ ಮತಗಳ ನಡುವೆ ಕಳೆದುಹೋಗಬಹುದು. ವಾರ್ಡಿನಲ್ಲಿ ಹಾಗಲ್ಲ. ಮಾತು ಹುಟ್ಟಿಸಿದವನಿಗೆ ಆಕೆಯ ತವರು ಗೊತ್ತು, ಗಂಡ ಎಲ್ಲಿ ಕೆಲಸ ಮಾಡುತ್ತಾನೆ ಗೊತ್ತು, ಮಗಳು ಯಾವ ಕಾಲೇಜು ಅನ್ನುವುದೂ ಗೊತ್ತು. ಕೇಳಿಸಿಕೊಳ್ಳುವವರಿಗೂ ಅಷ್ಟೇ ಗೊತ್ತು. ಕೊಡಗಿನಲ್ಲಿ ಇನ್ನೊಂದು ವಿಷಯ ಸೇರಿಕೊಳ್ಳುತ್ತದೆ. ಕೊಡವರಲ್ಲಿ, ಅರೆಭಾಷೆ ಗೌಡರಲ್ಲಿ ಹೆಸರಿನ ಜೊತೆಗೇ ಮನೆ ಹೆಸರು ಬರುತ್ತದೆ. ಒಬ್ಬಳ ಮೇಲೆ ಎರಚಿದ ಕೆಸರು ಇಡೀ ಒಕ್ಕಕ್ಕೆ, ಅಂದರೆ ಮನೆತನಕ್ಕೇ ಸಿಡಿಯುತ್ತದೆ. ಮದುವೆಯಾದವಳಾದರೆ ಹುಟ್ಟಿದ ಮನೆ, ಸೇರಿದ ಮನೆ, ಎರಡಕ್ಕೂ.

ಇಂಥ ಪ್ರಚಾರದ ಉದ್ದೇಶ ಮತದಾರರ ಮನಸ್ಸು ಕೆಡಿಸುವುದು ಅಂತ ಸಾಮಾನ್ಯವಾಗಿ ಅಂದುಕೊಳ್ಳುತ್ತೇವೆ. ನನಗೆ ಅನಿಸುವುದು ಬೇರೆ. ಸಣ್ಣ ಊರಿನಲ್ಲಿ ಬಹಳ ಸಲ ಅದರ ಗುರಿ ಆಕೆಯ ಮನೆಯ ಊಟದ ಮೇಜು. ಅತ್ತೆ, ಗಂಡ, ಅಣ್ಣ ಯಾರಾದರೂ ಒಬ್ಬರು "ಸಾಕಮ್ಮ, ಈ ಉಸಾಬರಿ ನಮಗೆ ಬೇಡ, ನಾಮಪತ್ರ ವಾಪಸ್ ತಗೋ" ಅನ್ನಬೇಕು. ಅಲ್ಲಿಗೆ ಕೆಲಸ ಮುಗಿಯಿತು. ಒಂದು ಮತವೂ ಬೀಳುವ ಮುಂಚೆ ಎದುರಾಳಿ ಕಣದಿಂದ ಆಚೆ. ಇದನ್ನು ತಲೆಯಲ್ಲಿ ಇಟ್ಟುಕೊಂಡರೆ ಉಳಿದದ್ದೆಲ್ಲ ಅರ್ಥವಾಗುತ್ತದೆ. ಯಾವ ದಿನ ಏನು ಹರಿದಾಡುತ್ತದೆ, ಯಾರು ಯಾರ ಮನೆಗೆ ಬರುತ್ತಾರೆ, ಯಾವ ಸೆಕ್ಷನ್ ಕೆಲಸಕ್ಕೆ ಬರುತ್ತದೆ, ಎಲ್ಲವೂ.

ಸೀಟು ಇದೆ, ಜಾಗ ಇಲ್ಲ

ಹೆಂಗಸರು ಸ್ಥಳೀಯ ಚುನಾವಣೆಗೆ ನಿಲ್ಲುವುದು ಈಗ ಹೊಸದೇನಲ್ಲ. ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂತು. ನಗರ ಸಂಸ್ಥೆಗಳಲ್ಲಿ ಕನಿಷ್ಠ ಮೂರನೇ ಒಂದು ಭಾಗ ಸ್ಥಾನ ಮಹಿಳೆಯರಿಗೆ ಅಂತ ಅದು ಹೇಳಿತು. ಕರ್ನಾಟಕ ಅದನ್ನು ಅರ್ಧಕ್ಕೆ ಏರಿಸಿತು. ಅದಕ್ಕೂ ಮುಂಚೆ, 1987ರ ಜಿಲ್ಲಾ ಪರಿಷತ್ ಮತ್ತು ಮಂಡಲ ಪಂಚಾಯಿತಿ ಚುನಾವಣೆಯಲ್ಲೇ, ನಮ್ಮ ರಾಜ್ಯ ಶೇ 25ರಷ್ಟು ಸ್ಥಾನ ಕೊಟ್ಟಿತ್ತು. ಇನ್ನು ಕೊಡಗಿನಲ್ಲಿ ಗಂಡಸರಿಗಿಂತ ಹೆಂಗಸರೇ ಜಾಸ್ತಿ. 2011ರಲ್ಲಿ ಸಾವಿರ ಗಂಡಸರಿಗೆ 1,019 ಹೆಂಗಸರಿದ್ದರು.

ಆದರೆ ಮೀಸಲಾತಿ ಸರದಿ ಪ್ರಕಾರ ತಿರುಗುತ್ತದೆ. ಈ ಸಲ ಮಹಿಳೆಗೆ ಇದ್ದ ವಾರ್ಡ್ ಮುಂದಿನ ಸಲ ಸಾಮಾನ್ಯ ಆಗಬಹುದು. ಐದು ವರ್ಷ ಚರಂಡಿ, ಬೀದಿದೀಪ, ನೀರಿನ ಪೈಪು ಅಂತ ಓಡಾಡಿದವಳು ಅದೇ ವಾರ್ಡಿನಲ್ಲಿ ಮತ್ತೆ ನಿಲ್ಲುತ್ತೇನೆ ಅಂದಾಗ ನೋಡಿ ಮಾತು ಶುರುವಾಗುವುದು. "ಮಹಿಳಾ ವಾರ್ಡ್ ಬೇರೆ ಇದೆಯಲ್ಲ, ಅಲ್ಲಿ ನಿಲ್ಲಬಹುದಿತ್ತು ಅಲ್ವಾ?" ಎಷ್ಟು ಸೌಮ್ಯವಾಗಿ ಕೇಳಿಸುತ್ತದೆ! ಸಾಮಾನ್ಯ ಅಂದರೆ ಗಂಡಸರ ಸೀಟು ಅನ್ನುವುದು ಅದರೊಳಗೆ ಕೂತಿದೆ. ಕಾನೂನಿನಲ್ಲಿ ಹಾಗೆ ಎಲ್ಲೂ ಇಲ್ಲ.

ಮಹಿಳಾ ವಾರ್ಡಿನಲ್ಲಿ ಇನ್ನೊಂದು ಬಗೆ. ಬ್ಯಾನರ್ ನೋಡಿ. ಅಭ್ಯರ್ಥಿಯ ಫೋಟೋ ಒಂದು ಮೂಲೆಯಲ್ಲಿ. ಗಂಡನ ಫೋಟೋ ಕೈ ಮುಗಿದುಕೊಂಡು ಅದಕ್ಕಿಂತ ದೊಡ್ಡದಾಗಿ. ಕೆಳಗಿರುವ ಫೋನ್ ನಂಬರ್ ಯಾರದು ಅಂತ ಕೇಳುವುದೇ ಬೇಡ. ಇದರಲ್ಲಿ ಯಾರೂ ಆಕೆಯನ್ನು ಬೈದಿಲ್ಲ. ಆದರೂ ಆಕೆ ಲೆಕ್ಕಕ್ಕಿಲ್ಲ ಅನ್ನುವುದನ್ನು ಆಕೆಯ ಕಡೆಯವರೇ ಊರಿಗೆಲ್ಲ ಸಾರಿದ ಹಾಗಾಯಿತು. ಆಮೇಲೆ ಎದುರಾಳಿ "ಅವಳಿಗೇನು ಗೊತ್ತು" ಅಂದರೆ ಜನ ತಲೆಯಾಡಿಸುತ್ತಾರೆ.

ದೊಡ್ಡವರ ಬಾಯಲ್ಲೂ ಇದೇ. 2019ರಲ್ಲಿ ಮಂಡ್ಯದಲ್ಲಿ ಸುಮಲತಾ ನಿಲ್ಲುತ್ತಾರೆ ಅಂದಾಗ ಆಗ ಸಚಿವರಾಗಿದ್ದ ಎಚ್.ಡಿ. ರೇವಣ್ಣ, ಗಂಡ ತೀರಿಕೊಂಡು ಒಂದೆರಡು ತಿಂಗಳೂ ಆಗಿಲ್ಲ ಅನ್ನುವ ಅರ್ಥದ ಮಾತಾಡಿದರು. ಸುಮಲತಾ ಪಕ್ಷೇತರರಾಗಿ ನಿಂತು 1.25 ಲಕ್ಷಕ್ಕೂ ಹೆಚ್ಚು ಮತಗಳ ಅಂತರದಲ್ಲಿ ಗೆದ್ದರು. 2024ರಲ್ಲಿ ದಾವಣಗೆರೆಯಲ್ಲಿ ಕಾಂಗ್ರೆಸ್ಸಿನ ಶಾಮನೂರು ಶಿವಶಂಕರಪ್ಪ, ಬಿಜೆಪಿ ಅಭ್ಯರ್ಥಿ ಗಾಯತ್ರಿ ಸಿದ್ದೇಶ್ವರ ಅವರು ಅಡುಗೆ ಮಾಡುವುದಕ್ಕಷ್ಟೇ ಲಾಯಕ್ಕು ಅಂದರು. ತಮಾಷೆ ಏನು ಗೊತ್ತಾ? ಅವರ ಪಕ್ಷದಿಂದ ಅಲ್ಲಿ ನಿಂತು ಗೆದ್ದವರು ಅವರದೇ ಸೊಸೆ ಪ್ರಭಾ ಮಲ್ಲಿಕಾರ್ಜುನ್.

ಇದು ನಮ್ಮ ಕಡೆಯ ರೋಗ ಮಾತ್ರ ಅಂತಲೂ ಇಲ್ಲ. 2016ರಲ್ಲಿ ಇಟಲಿಯ ರೋಮ್ ನಗರದ ಮೇಯರ್ ಚುನಾವಣೆ. ಖರ್ಚುವೆಚ್ಚದ ಹಗರಣದಲ್ಲಿ ಹಿಂದಿನ ಮೇಯರ್ ಇಗ್ನಾಜಿಯೊ ಮರೀನೊ ರಾಜೀನಾಮೆ ಕೊಟ್ಟಿದ್ದರು. ನಗರಾಡಳಿತಕ್ಕೆ ಮಾಫಿಯಾ ನಂಟಿನ ಪ್ರಕರಣ ಬೇರೆ ಬಯಲಾಗಿತ್ತು. ಮಾತಾಡಲು ವಿಷಯಕ್ಕೆ ಬರ ಇರಲಿಲ್ಲ. ಆದರೆ ಅಭ್ಯರ್ಥಿಯಾಗಲು ಹೊರಟ ಜಾರ್ಜಿಯಾ ಮೆಲೋನಿ ಗರ್ಭಿಣಿ ಅಂತ ಗೊತ್ತಾದ ಕೂಡಲೇ ಚರ್ಚೆ ಅಲ್ಲಿಗೆ ಹೊರಳಿತು. ಎದುರಾಳಿ ಗುಯ್ಡೊ ಬೆರ್ತೊಲಾಸೊ ಆಕೆ ತಾಯ್ತನ ನೋಡಿಕೊಳ್ಳಲಿ ಅಂದರು. ಮಾಜಿ ಪ್ರಧಾನಿ ಬೆರ್ಲುಸ್ಕೋನಿ ತಾಯಿಯಾದವಳಿಗೆ ಈ ಕೆಲಸ ಆಗದು ಅಂದರು. ಕೊನೆಗೆ ಗೆದ್ದದ್ದು ವರ್ಜೀನಿಯಾ ರಾಜ್ಜಿ, ರೋಮ್‌ನ ಮೊದಲ ಮಹಿಳಾ ಮೇಯರ್. ಅವರೂ ಒಂದು ಮಗುವಿನ ತಾಯಿ. ಆ ಸಲ ಸೋತ ಮೆಲೋನಿ 2022ರಲ್ಲಿ ದೇಶದ ಪ್ರಧಾನಿಯೇ ಆದರು. ಮಾತು ಮಾತ್ರ ಮಡಿಕೇರಿಯ ಬಸ್ ಸ್ಟ್ಯಾಂಡಿನಲ್ಲಿ ಕೇಳಿಸುವಂಥದ್ದೇ: "ಮನೆ ಮಕ್ಕಳನ್ನು ನೋಡಿಕೊಳ್ಳೋದು ಬಿಟ್ಟು ಇವಳಿಗೇನು ಬಂದಿದೆ?"

ಒಂದು ಫೋಟೋ ಹೇಗೆ ಕೆಲಸ ಮಾಡುತ್ತದೆ

ಒಂದು ಉದಾಹರಣೆ ಕಲ್ಪಿಸಿಕೊಳ್ಳಿ. ಸಂಬಂಧಿಕರ ಮದುವೆ. ದಂಪತಿ ಮುಹೂರ್ತ ಮುಗಿದಿದೆ, ವಾಲಗ ಬಾರಿಸುತ್ತಿದ್ದಾರೆ, ಜನ ಕುಣಿಯುತ್ತಿದ್ದಾರೆ. ಅಭ್ಯರ್ಥಿ ಕೊಡವ ಸೀರೆಯಲ್ಲಿ, ಕೈಯಲ್ಲಿ ಗ್ಲಾಸು, ಪಕ್ಕದಲ್ಲಿ ಚಿಕ್ಕಪ್ಪನ ಮಗ ನಗುತ್ತಾ ನಿಂತಿದ್ದಾನೆ. ಮೂಲ ಫೋಟೋದಲ್ಲಿ ಹನ್ನೆರಡು ಜನ. ಹರಿದಾಡುವ ಫೋಟೋದಲ್ಲಿ ಇಬ್ಬರು. ಅಜ್ಜಿ, ಮಕ್ಕಳು, ಮಂಟಪ, ಕುಪ್ಯ ತೊಟ್ಟು ಪೀಚೆಕತ್ತಿ ಸಿಕ್ಕಿಸಿಕೊಂಡ ಮದುಮಗ ಎಲ್ಲ ಕತ್ತರಿಗೆ ಹೋದರು. ಕೆಳಗೆ ಒಂದೇ ಸಾಲು: "ಇವರಿಗೆ ಮತ ಹಾಕ್ತೀರಾ?"

ಇದರಲ್ಲಿ ಗಮನಿಸಿ, ನೇರವಾದ ಒಂದು ಸುಳ್ಳೂ ಇಲ್ಲ. ಫೋಟೋ ನಿಜ, ಗ್ಲಾಸು ನಿಜ. ಸುಳ್ಳು ಇರುವುದು ಕತ್ತರಿಸಿದ ಜಾಗದಲ್ಲಿ. ಮದುವೆಯಲ್ಲಿ ಗ್ಲಾಸು ಹಿಡಿಯುವುದು ಕೊಡಗಿನಲ್ಲಿ ದೊಡ್ಡ ವಿಷಯವೇ ಅಲ್ಲ ಅಂತ ಎಲ್ಲರಿಗೂ ಗೊತ್ತು. ಗಂಡಸಿನದು ಇಂಥದೇ ಫೋಟೋ ಹೋದರೆ "ನಮ್ಮ ಹುಡುಗ ಜಾಲಿ" ಅಂತ ನಾಲ್ಕು ಮತ ಜಾಸ್ತಿಯೇ ಬೀಳಬಹುದು. ಹೆಂಗಸಿನದು ಹೋದರೆ ಸಂಜೆಯೊಳಗೆ ಫೋನ್ ಬರುತ್ತದೆ. ಫೋನ್ ಬರುವುದು ಆಕೆಗಲ್ಲ, ಆಕೆಯ ಗಂಡನ ಅಣ್ಣನಿಗೆ.

ಯಾವ ದಿನ ಬಿಡುತ್ತಾರೆ ಅನ್ನುವುದರಲ್ಲೂ ಲೆಕ್ಕಾಚಾರ ಇದೆ. ನಾಮಪತ್ರ ಹಾಕಿದ ದಿನದಿಂದ ವಾಪಸ್ ಪಡೆಯುವ ಕೊನೆ ದಿನದವರೆಗೆ ಒಂದು ಸುತ್ತು. ಇದು ಮನೆಯವರಿಗಾಗಿ. ಆಮೇಲೆ ಸ್ವಲ್ಪ ತಣ್ಣಗಾಗುತ್ತದೆ. ಮತದಾನಕ್ಕೆ ಮುಂಚೆ ಬಹಿರಂಗ ಪ್ರಚಾರ ನಿಂತು ಮೈಕು ಆಫ್ ಆದಾಗ ಇನ್ನೊಂದು ಸುತ್ತು. ಇದು ಮತದಾರರಿಗಾಗಿ. ಆಗ ಉತ್ತರ ಕೊಡಲು ಸಭೆಯಿಲ್ಲ, ಮರುದಿನದ ಪೇಪರಿನಲ್ಲಿ ಸ್ಪಷ್ಟನೆ ಬಂದರೂ ಓದಿ ಯೋಚಿಸಲು ಯಾರಿಗೂ ಪುರುಸೊತ್ತಿಲ್ಲ.

ಹಗರಣ ಯಾವುದು, ಚಾಡಿ ಯಾವುದು

ಹಾಗಂತ ಹೆಣ್ಣು ಅಭ್ಯರ್ಥಿಯನ್ನು ಯಾರೂ ಏನೂ ಕೇಳಬಾರದು ಅಂತಲ್ಲ. ಇಲ್ಲಿ ಗೊಂದಲ ಜಾಸ್ತಿ. ಚುನಾವಣಾ ಮಾದರಿ ನೀತಿ ಸಂಹಿತೆ ಇದಕ್ಕೆ ಒಂದು ಸರಳ ಗೆರೆ ಎಳೆದಿದೆ. ಟೀಕೆ ಮಾಡುವುದಾದರೆ ನೀತಿ, ಕಾರ್ಯಕ್ರಮ, ಹಿಂದೆ ಮಾಡಿದ ಕೆಲಸದ ಬಗ್ಗೆ ಮಾಡಿ. ಸಾರ್ವಜನಿಕ ಕೆಲಸಕ್ಕೆ ಸಂಬಂಧವಿಲ್ಲದ ಖಾಸಗಿ ಬದುಕನ್ನು ಎಳೆಯಬೇಡಿ.

ನಮ್ಮ ಊರಿನ ಭಾಷೆಯಲ್ಲಿ ಹೇಳುವುದಾದರೆ, ಅಭ್ಯರ್ಥಿಗೆ ಒಂದು ಹೋಂಸ್ಟೇ ಇದೆ ಅಂತಿಟ್ಟುಕೊಳ್ಳಿ. ಅದಕ್ಕೆ ಪರವಾನಗಿ ಇದೆಯಾ, ತೆರಿಗೆ ಕಟ್ಟಿದ್ದಾರಾ, ಕೊಳಚೆ ನೀರು ಯಾವ ತೋಡಿಗೆ ಬಿಟ್ಟಿದ್ದಾರೆ ಅಂತ ಕೇಳಿ. ನಗರಸಭೆಗೆ ಬರುವವರನ್ನು ಇದನ್ನು ಕೇಳಲೇಬೇಕು. "ಅವಳ ಹೋಂಸ್ಟೇಯಲ್ಲಿ ರಾತ್ರಿ ಏನೇನು ನಡೆಯುತ್ತೋ" ಅಂದರೆ ಅದು ಪ್ರಶ್ನೆಯಲ್ಲ. ಅದಕ್ಕೆ ಉತ್ತರ ಕೊಡುವುದು ಯಾರಿಂದಲೂ ಸಾಧ್ಯವಿಲ್ಲ, ಉತ್ತರ ಬೇಕಾಗಿಯೂ ಇಲ್ಲ. ಕಸದ ಟೆಂಡರ್, ಖಾತೆ ಮಾಡಿಕೊಡಲು ಲಂಚ, ಅಫಿಡವಿಟ್‌ನಲ್ಲಿ ಮುಚ್ಚಿಟ್ಟ ಆಸ್ತಿ, ಇವೆಲ್ಲ ಹಗರಣ. ಡೈವೋರ್ಸ್ ಯಾಕಾಯಿತು, ಮಕ್ಕಳು ಯಾಕಿಲ್ಲ, ಬೇರೆ ಜಾತಿಯವನನ್ನು ಯಾಕೆ ಮದುವೆಯಾದಳು, ಇವು ಚಾಡಿ.

ಕೆಲವೊಮ್ಮೆ ನಿಜವಾದ ಹಗರಣವೇ ಹೆಂಗಸರಿಗೆ ಎರಡನೇ ಏಟು ಕೊಡುತ್ತದೆ. ಹಾಸನ ನೆನಪಿದೆಯಲ್ಲ. 2024ರ ಏಪ್ರಿಲ್ 26ರಂದು ಹಾಸನದಲ್ಲೂ ಮತದಾನ, ನಮ್ಮ ಮೈಸೂರು-ಕೊಡಗು ಕ್ಷೇತ್ರದಲ್ಲೂ ಮತದಾನ. ಅದಕ್ಕೆ ಕೆಲವೇ ದಿನ ಮುಂಚೆ ಪ್ರಜ್ವಲ್ ರೇವಣ್ಣಗೆ ಸಂಬಂಧಿಸಿದ ವಿಡಿಯೊಗಳ ಪೆನ್ ಡ್ರೈವ್‌ಗಳು ಹಾಸನದ ಬೀದಿಗಳಲ್ಲಿ ಸಿಕ್ಕವು. ಸಂಸದರೊಬ್ಬರ ಮೇಲಿನ ಆರೋಪ, ಅಧಿಕಾರದ ದುರುಪಯೋಗ, ಖಂಡಿತ ಸಾರ್ವಜನಿಕ ವಿಷಯ. ತನಿಖೆಗೆ ಎಸ್ಐಟಿ (ವಿಶೇಷ ತನಿಖಾ ತಂಡ) ರಚನೆಯಾಯಿತು. 2025ರ ಆಗಸ್ಟ್‌ನಲ್ಲಿ ಒಂದು ಅತ್ಯಾಚಾರ ಪ್ರಕರಣದಲ್ಲಿ ಅವರಿಗೆ ಜೀವಾವಧಿ ಶಿಕ್ಷೆಯೂ ಆಯಿತು. ಆದರೆ ಆ ವಿಡಿಯೊಗಳಲ್ಲಿ ಹೆಂಗಸರ ಮುಖ ಮರೆಮಾಡಿರಲಿಲ್ಲ. ಅವರ್ಯಾರೂ ಆ ಚುನಾವಣೆಗೆ ನಿಂತವರಲ್ಲ. ವಿಡಿಯೊ ಇಟ್ಟುಕೊಂಡರೆ, ಹಂಚಿದರೆ ಕೇಸು ಅಂತ ಎಸ್ಐಟಿಯೇ ಎಚ್ಚರಿಸಬೇಕಾಯಿತು. ಸಂತ್ರಸ್ತೆಯ ಗುರುತು ಬಯಲು ಮಾಡುವುದು ಭಾರತೀಯ ನ್ಯಾಯ ಸಂಹಿತೆಯ (ಹಳೇ ಐಪಿಸಿ ಜಾಗಕ್ಕೆ ಬಂದ ಕಾನೂನು) ಸೆಕ್ಷನ್ 72ರ ಪ್ರಕಾರ ಅಪರಾಧ, ಎರಡು ವರ್ಷದವರೆಗೆ ಜೈಲು. ಸತ್ಯ ಹೊರಗೆ ಬರಲಿ ಅಂತ ಹಂಚಿದೆ ಅನ್ನುವವರನ್ನೂ ಈ ಸೆಕ್ಷನ್ ಬಿಡುವುದಿಲ್ಲ.

"ವಾಪಸ್ ತಗೋ" ಅನ್ನುವುದೂ ಅಪರಾಧ

ಈಗ ದಬಾಯಿಸುವ ವಿಷಯ. ಗ್ರಾಮ ಪಂಚಾಯಿತಿಯಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲ. ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿಯಲ್ಲಿ ಇರುತ್ತದೆ. ಅಂದರೆ ಟಿಕೆಟ್ ಸಿಗದವರ ಬಂಡಾಯ, ಅವರನ್ನು ಕೂರಿಸುವ ಪ್ರಯತ್ನ ಎಲ್ಲ ಇರುತ್ತದೆ. ಬಂಡಾಯ ನಿಂತ ಗಂಡಸಿಗೆ ಮುಂದೆ ಏನಾದರೂ ಸ್ಥಾನ ಕೊಡುತ್ತೇವೆ ಅಂತಾರೆ. ಬಂಡಾಯ ನಿಂತ ಹೆಂಗಸಿನ ಮನೆಗೆ ನಾಲ್ಕು ಜನ ಹಿರಿಯರು ಬಂದು ಕೂರುತ್ತಾರೆ. ಕಾಫಿ ಕುಡಿಯುತ್ತಾರೆ. ಗಂಡನ ಕಾಂಟ್ರಾಕ್ಟ್ ಬಿಲ್ಲಿನ ಮಾತು ತೆಗೆಯುತ್ತಾರೆ. ಎಲ್ಲವೂ ನಗುನಗುತ್ತಲೇ.

ಕಾನೂನು ಇದನ್ನು ಯೋಚಿಸಿಯೇ ಇಲ್ಲ ಅಂದುಕೊಳ್ಳಬೇಡಿ. ನ್ಯಾಯ ಸಂಹಿತೆಯ ಸೆಕ್ಷನ್ 169 ಚುನಾವಣಾ ಹಕ್ಕು ಅಂದರೆ ಏನು ಅಂತ ಹೇಳುವಾಗ ಮತ ಹಾಕುವುದನ್ನು ಮಾತ್ರ ಹೇಳುವುದಿಲ್ಲ. ಚುನಾವಣೆಗೆ ನಿಲ್ಲುವುದು, ನಿಲ್ಲದಿರುವುದು, ನಾಮಪತ್ರ ವಾಪಸ್ ಪಡೆಯುವುದು ಕೂಡ ಆ ಹಕ್ಕಿನೊಳಗೇ ಇದೆ. ಆ ಹಕ್ಕಿನಲ್ಲಿ ಕೈ ಹಾಕಿದರೆ ಸೆಕ್ಷನ್ 171ರ ಪ್ರಕಾರ ಅದು ಅನುಚಿತ ಪ್ರಭಾವ. ಅಭ್ಯರ್ಥಿಗೆ ಮಾತ್ರವಲ್ಲ, ಆಕೆಗೆ ಬೇಕಾದವರಿಗೆ ತೊಂದರೆ ಕೊಡುತ್ತೇವೆ ಅಂತ ಬೆದರಿಸಿದರೂ ಅಷ್ಟೇ. ಒಂದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಇದು ನಗರಸಭೆ ಚುನಾವಣೆಗೂ ಅನ್ವಯ.

ಇದೇ ಸೆಕ್ಷನ್ನಿನಲ್ಲಿ ಇನ್ನೊಂದು ವಿಷಯ ಇದೆ. ಹೀಗೆ ಮಾಡಿದರೆ, ಮಾಡದಿದ್ದರೆ ದೇವರ ಕೋಪಕ್ಕೆ ಗುರಿಯಾಗುತ್ತೀರಿ ಅಂತ ಅಭ್ಯರ್ಥಿಯನ್ನಾಗಲಿ ಮತದಾರರನ್ನಾಗಲಿ ನಂಬಿಸುವುದೂ ಅನುಚಿತ ಪ್ರಭಾವವೇ. ಇಗ್ಗುತ್ತಪ್ಪನ ಆಣೆ, ಕಾವೇರಮ್ಮನ ಆಣೆ ಅಂತ ಮಾತು ತೆಗೆದುಕೊಂಡು, ತಪ್ಪಿದರೆ ದೇವರು ಬಿಡುವುದಿಲ್ಲ ಅನ್ನುವವರು ಇದನ್ನು ಓದಿಕೊಳ್ಳಬಹುದು. ಮಸೀದಿ, ಚರ್ಚಿನ ಹೆಸರಿನಲ್ಲಿ ಹೆದರಿಸುವವರಿಗೂ ಇದೇ ಸೆಕ್ಷನ್.

ದೂರು ಬರೆಯುವಾಗ

ಠಾಣೆಗೆ ಹೋಗಿ "ನನ್ನ ಮಾನ ಕಳೆದರು" ಅಂತ ಬರೆದುಕೊಟ್ಟರೆ ಏನಾಗುತ್ತದೆ? ಮಾನಹಾನಿ, ಅಂದರೆ ನ್ಯಾಯ ಸಂಹಿತೆಯ ಸೆಕ್ಷನ್ 356, ಪೊಲೀಸರು ತಾವಾಗಿಯೇ ಎಫ್ಐಆರ್ ಹಾಕುವ ಅಪರಾಧವಲ್ಲ. ಎನ್‌ಸಿ, ಅಂದರೆ ಎಫ್ಐಆರ್ ಇಲ್ಲದ ಬರೀ ದೂರಿನ ದಾಖಲೆ, ಬರೆದುಕೊಂಡು, ಕೋರ್ಟಿಗೆ ಹೋಗಿ ಅಂತಾರೆ. ಅಭ್ಯರ್ಥಿಯ ನಡತೆ ಬಗ್ಗೆ ಸುಳ್ಳು ಅಂತ ಗೊತ್ತಿದ್ದೂ ಹಬ್ಬಿಸುವುದು ಸೆಕ್ಷನ್ 175ರಲ್ಲಿ ಬರುತ್ತದೆ. ಕೇಳಲು ಸರಿಯಾಗಿ ನಮಗೇ ಹೊಲಿದ ಹಾಗಿದೆ. ಆದರೆ ಅದಕ್ಕೆ ಶಿಕ್ಷೆ ಬರೀ ದಂಡ. ಜೈಲಿಲ್ಲ. ಇಷ್ಟು ದೊಡ್ಡ ಅಪರಾಧಕ್ಕೆ ಇಷ್ಟೇನಾ ಅನಿಸಿದರೆ ನಿಮ್ಮ ತಪ್ಪಲ್ಲ.

ಹಾಗಾಗಿ ನಡೆದದ್ದನ್ನು ನಡೆದ ಹಾಗೆ, ಬಿಡಿಸಿ ಬರೆಯಬೇಕು. ಹೆಣ್ಣಿನ ಮಾನಕ್ಕೆ ಧಕ್ಕೆ ತರುವ ಮಾತು, ಸನ್ನೆ, ವರ್ತನೆ ಸೆಕ್ಷನ್ 79. ಮೂರು ವರ್ಷದವರೆಗೆ ಜೈಲು, ಪೊಲೀಸರು ನೇರವಾಗಿ ಎಫ್ಐಆರ್ ಹಾಕಬಹುದು. ಬೇಡ ಅಂದರೂ ಹಿಂಬಾಲಿಸುವುದು, ಆನ್‌ಲೈನ್‌ನಲ್ಲಿ ಕಣ್ಣಿಡುವುದು ಸೆಕ್ಷನ್ 78. ಖಾಸಗಿ ಅಂಗದ ಚಿತ್ರ ಒಪ್ಪಿಗೆಯಿಲ್ಲದೆ ತೆಗೆಯುವುದು, ಹರಿಬಿಡುವುದು ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆಯ 66ಇ. ಅಶ್ಲೀಲ ಚಿತ್ರ ಹಂಚಿದರೆ 67, ಲೈಂಗಿಕ ಕ್ರಿಯೆಯ ದೃಶ್ಯವಾದರೆ 67ಎ. ಈ ಕೊನೆಯದಕ್ಕೆ ಮೊದಲ ಸಲಕ್ಕೇ ಐದು ವರ್ಷದವರೆಗೆ ಜೈಲು, ಹತ್ತು ಲಕ್ಷದವರೆಗೆ ದಂಡ. ಹಳೇ 66ಎ ಮಾತ್ರ ಬರೆಯಬೇಡಿ. ಅದನ್ನು ಸುಪ್ರೀಂ ಕೋರ್ಟ್ 2015ರಲ್ಲೇ ರದ್ದು ಮಾಡಿದೆ.

ಎಲ್ಲಿಗೆ ಹೋಗಬೇಕು? ಯಾವ ಠಾಣೆಯಾದರೂ ಸರಿ, ನಮ್ಮ ಸರಹದ್ದಲ್ಲ ಅನ್ನುವಂತಿಲ್ಲ. ಮಡಿಕೇರಿಯಲ್ಲಿ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆ ಇದೆ, ಸೈಬರ್ ವಿಷಯ ಅಲ್ಲೇ. ನೀತಿ ಸಂಹಿತೆಯ ದೂರು ಚುನಾವಣಾಧಿಕಾರಿಗೆ. ಇಲ್ಲಿ ಒಂದು ಗೊಂದಲ ಆಗುತ್ತದೆ. 2019ರಲ್ಲಿ ಜಯಪ್ರದಾ ಬಗ್ಗೆ ಕೀಳಾಗಿ ಮಾತಾಡಿದ ಆಜಂ ಖಾನ್‌ಗೆ 72 ಗಂಟೆ, 2024ರಲ್ಲಿ ಹೇಮಾಮಾಲಿನಿ ಬಗ್ಗೆ ಮಾತಾಡಿದ ರಣದೀಪ್ ಸುರ್ಜೆವಾಲಾಗೆ 48 ಗಂಟೆ ಪ್ರಚಾರ ನಿಷೇಧಿಸಿದ್ದು ಕೇಂದ್ರ ಚುನಾವಣಾ ಆಯೋಗ. ನಗರಸಭೆ ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ. ಎರಡೂ ಬೇರೆ ಬೇರೆ. ವಾರ್ಡಿನ ದೂರನ್ನು ದೆಹಲಿಗೆ ಕಳಿಸಿ ಕಾಯುತ್ತಾ ಕೂತರೆ ಮತ ಎಣಿಕೆಯೇ ಮುಗಿದಿರುತ್ತದೆ.

ಸಾಕ್ಷ್ಯದ ವಿಷಯದಲ್ಲಿ ಜನ ಎಡವುವುದು ಜಾಸ್ತಿ. ಮೆಸೇಜ್ ನೋಡಿದ ಕೂಡಲೇ ಸಿಟ್ಟಿನಲ್ಲಿ ಡಿಲೀಟ್ ಮಾಡುತ್ತಾರೆ, ಗ್ರೂಪಿನಿಂದ ಹೊರಬರುತ್ತಾರೆ. ಮಾಡಬೇಡಿ. ಗ್ರೂಪಿನ ಹೆಸರು, ಕಳಿಸಿದ ನಂಬರ್, ದಿನ, ಸಮಯ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆಯಿರಿ. ಚಾಟ್ ಎಕ್ಸ್‌ಪೋರ್ಟ್ ಮಾಡಿ. ಫೋನ್ ಬದಲಾಯಿಸಬೇಡಿ, ಯಾಕೆಂದರೆ ಕೋರ್ಟಿನಲ್ಲಿ ಎಲೆಕ್ಟ್ರಾನಿಕ್ ದಾಖಲೆ ನಿಲ್ಲಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರ ಬೇಕು. ಅದು ಯಾವ ಸಾಧನದಿಂದ ಬಂತು ಅಂತ ಕೇಳುತ್ತಾರೆ. ನೋಡಿದವರೊಬ್ಬರು ಕಳಿಸಿದವನ ಹೆಸರು ಹೇಳಲು ತಯಾರಿದ್ದರಂತೂ ಒಳ್ಳೆಯದೇ ಆಯಿತು. ಊರು ಸಣ್ಣದಾಗಿರುವುದರ ಒಂದೇ ಲಾಭ ಇದು.

"ನಾನು ಬರೆದದ್ದಲ್ಲ, ಬಂದದ್ದನ್ನು ಫಾರ್ವರ್ಡ್ ಮಾಡಿದೆ ಅಷ್ಟೇ" ಅನ್ನುವ ಮಾತಿಗೆ ಕೋರ್ಟಿನಲ್ಲಿ ಬೆಲೆ ಕಡಿಮೆ. ತಮಿಳುನಾಡಿನ ನಟ, ಮಾಜಿ ಶಾಸಕ ಎಸ್.ವಿ. ಶೇಖರ್ 2018ರಲ್ಲಿ ಪತ್ರಕರ್ತೆಯರನ್ನು ಹೀನಾಯವಾಗಿ ಬೈದ ಪೋಸ್ಟ್ ಒಂದನ್ನು ಹಂಚಿಕೊಂಡರು. ಬರೆದವರು ಬೇರೆ. ಆಮೇಲೆ ತೆಗೆದುಹಾಕಿ ಕ್ಷಮೆಯನ್ನೂ ಕೇಳಿದರು. ಆದರೂ ಕೇಸು ರದ್ದು ಮಾಡಲು ಮದ್ರಾಸ್ ಹೈಕೋರ್ಟ್ 2023ರಲ್ಲಿ ಒಪ್ಪಲಿಲ್ಲ, ಸುಪ್ರೀಂ ಕೋರ್ಟ್ ಮಧ್ಯ ಬರಲಿಲ್ಲ. 2024ರಲ್ಲಿ ಶಿಕ್ಷೆಯಾಯಿತು. ಗ್ರೂಪ್ ಅಡ್ಮಿನ್ ಮಾತು ಬೇರೆ. ಯಾರೋ ಹಾಕಿದ್ದಕ್ಕೆ ಅಡ್ಮಿನ್ ಆಗಿರುವ ಒಂದೇ ಕಾರಣಕ್ಕೆ ಹೊಣೆ ಮಾಡಲಾಗದು ಅಂತ ಬಾಂಬೆ ಹೈಕೋರ್ಟ್, ಕೇರಳ ಹೈಕೋರ್ಟ್ ಹೇಳಿವೆ.

ಚುನಾವಣೆ ಮುಗಿದ ಮೇಲೆ ರಾಜಿಯ ಒತ್ತಡ ಶುರುವಾಗುತ್ತದೆ. ಅದೇ ಮದುವೆ, ಅದೇ ಸಾವು, ಅದೇ ಸಂತೆ, ಮುಖ ನೋಡದೆ ಇರುವುದಕ್ಕಾಗುತ್ತಾ? "ಗೆದ್ದಾಯ್ತಲ್ಲ, ಇನ್ಯಾಕೆ" ಅಂತಾರೆ, ಸೋತಿದ್ದರೆ "ಸೋತಾಯ್ತಲ್ಲ, ಇನ್ಯಾಕೆ" ಅಂತಾರೆ. ಮಾನಹಾನಿ ಕೇಸನ್ನು ಆಕೆ ಒಪ್ಪಿದರೆ ರಾಜಿ ಮಾಡಿಕೊಳ್ಳಬಹುದು. ಸೆಕ್ಷನ್ 79 ಆದರೆ ಕೋರ್ಟಿನ ಅನುಮತಿಯೂ ಬೇಕು. ಐಟಿ ಕಾಯ್ದೆಯ ಕೇಸು ಇನ್ನೂ ಗಟ್ಟಿ. ಅಪರಾಧ ಹೆಣ್ಣಿನ ಮೇಲೆ ನಡೆದಿದ್ದರೆ ರಾಜಿಗೆ ಒಪ್ಪಬಾರದು ಅಂತ ಆ ಕಾಯ್ದೆಯ ಸೆಕ್ಷನ್ 77ಎ ಕೋರ್ಟಿಗೇ ಹೇಳಿದೆ. ಆಮೇಲೆ ಉಳಿಯುವುದು ಹೈಕೋರ್ಟಿಗೆ ಹೋಗಿ ಕೇಸು ರದ್ದು ಮಾಡಿಸಿಕೊಳ್ಳುವ ದಾರಿ. ಅಲ್ಲೂ ರಾಜಿಯಾಗಿದೆ ಅಂತ ತೋರಿಸಲು ಆಕೆಯ ಸಹಿ ಬೇಕು. ಮನೆಗೆ ಬಂದು ಕೂತ ಹಿರಿಯರಿಗೆ ಈ ಒಂದು ಸೆಕ್ಷನ್ ತೋರಿಸಿದರೆ ಅರ್ಧ ಮಾತು ಅಲ್ಲೇ ಮುಗಿಯುತ್ತದೆ.